ಹಕ್ಕು ಯಾರ ಕೈಯಲ್ಲಿದೆ? ಹೈಬ್ರಿಡ್ ಹೂಡಿಕೆಪತ್ರಗಳ ಷರತ್ತುಗಳನ್ನು ಓದುವ ಬಗೆ

ಸಾಲ ಎಂದರೇನು, ಪಾಲು ಎಂದರೇನು ಎಂಬುದನ್ನು ನಿಮಗೆ ನಾನು ಹೇಳಿಕೊಡಬೇಕಾಗಿಲ್ಲ. ಕಂಪನಿಗೆ ಸಾಲ ಕೊಟ್ಟರೆ ನಿಮ್ಮ ಕೈಗೆ ಬಾಂಡ್ ಅಥವಾ ಡಿಬೆಂಚರ್ ಬರುತ್ತದೆ. ಬಡ್ಡಿ ಇಷ್ಟು, ಅಸಲು ಇಂಥ ದಿನ ವಾಪಸ್ಸು ಎಂದು ಬರೆದಿರುತ್ತದೆ. ಕೊಡದಿದ್ದರೆ ಕಂಪನಿ ಮಾತಿಗೆ ತಪ್ಪಿದಂತೆ, ನೀವು ಕಾನೂನಿನ ಮೊರೆ ಹೋಗಬಹುದು. ಪಾಲು ತೆಗೆದುಕೊಂಡರೆ ಅದು ಷೇರು. ಲಾಭವಾದರೆ ಲಾಭಾಂಶ ಬಂದೀತು, ಬೆಲೆ ಏರೀತು. ನಷ್ಟವಾದರೆ ಯಾರನ್ನೂ ಕೇಳುವಂತಿಲ್ಲ. ಈ ಎರಡರ ಗುಣಗಳನ್ನೂ ಒಂದೇ ಕಾಗದದಲ್ಲಿ ಬೆರೆಸಿದರೆ ಅದನ್ನು ಹೈಬ್ರಿಡ್ ಎನ್ನುತ್ತಾರೆ. ನಮ್ಮ ಕಾನೂನಿಗೂ ಇದು ಹೊಸದಲ್ಲ. 1956ರ ಕಂಪನಿ ಕಾಯ್ದೆಗೆ 2000ದಲ್ಲಿ ತಂದ ತಿದ್ದುಪಡಿಯಲ್ಲಿಯೇ, ಒಂದಕ್ಕಿಂತ ಹೆಚ್ಚು ಬಗೆಯ ಹೂಡಿಕೆಪತ್ರದ ಲಕ್ಷಣ ಇರುವಂಥದ್ದು ಹೈಬ್ರಿಡ್ ಎಂಬ ವ್ಯಾಖ್ಯೆ ಇತ್ತು.

ಹೊಸದಾಗಿ ಹೂಡಿಕೆಗೆ ಇಳಿದವರು ಇಲ್ಲಿ ಎದುರಾಗುವ ಪದಗಳ ರಾಶಿ ಕಂಡು ಹಿಂಜರಿಯುತ್ತಾರೆ. ಕ್ಯುಮುಲೇಟಿವ್, ಕನ್ವರ್ಟಿಬಲ್, ಪರ್ಪೆಚುವಲ್, ಕಾಲ್ ಆಪ್ಷನ್, ಸಬಾರ್ಡಿನೇಟೆಡ್, ರೈಟ್ ಡೌನ್. ಕೆಲವರು ಹಿಂಜರಿದು ಸುಮ್ಮನಾಗುತ್ತಾರೆ, ಅವರಿಗೆ ನಷ್ಟವಿಲ್ಲ. ಇನ್ನು ಕೆಲವರು ಪದಗಳನ್ನೆಲ್ಲ ದಾಟಿ ನೇರವಾಗಿ ಬಡ್ಡಿ ದರದ ಮೇಲೆ ಕಣ್ಣಿಡುತ್ತಾರೆ. ನನ್ನ ಚಿಂತೆ ಇವರ ಬಗ್ಗೆ. ಈ ಪದಗಳಲ್ಲಿ ಯಾವುದೂ ಅಲಂಕಾರಕ್ಕಾಗಿ ಬಂದಿಲ್ಲ. ಒಂದೊಂದು ಪದವೂ ಒಂದೊಂದು ತೀರ್ಮಾನದ ಹಕ್ಕು ಯಾರ ಕೈಯಲ್ಲಿದೆ ಎಂದು ಹೇಳುತ್ತದೆ: ನಿಮ್ಮ ಕೈಯಲ್ಲೋ, ಹಣ ಪಡೆದವರ ಕೈಯಲ್ಲೋ, ಅಥವಾ ರಿಸರ್ವ್ ಬ್ಯಾಂಕಿನಂಥ ಮೂರನೆಯವರ ಕೈಯಲ್ಲೋ. ಎಫ್‌ಡಿಗಿಂತ ಶೇ 2ರಷ್ಟು ಹೆಚ್ಚು ಬಡ್ಡಿ ಕೊಡುತ್ತಾರೆ ಎಂದರೆ, ಅಷ್ಟು ಬೆಲೆಗೆ ನಿಮ್ಮಿಂದ ಯಾವುದೋ ಹಕ್ಕನ್ನು ಅವರು ಕೊಂಡಿದ್ದಾರೆ. ಯಾವ ಹಕ್ಕು ಎಂಬುದನ್ನು ಪತ್ತೆ ಮಾಡುವುದೇ ಈ ಓದಿನ ಉದ್ದೇಶ.

ಮೊದಲು ಒಂದು ಚಿತ್ರ ಮನಸ್ಸಿನಲ್ಲಿರಲಿ. ಮದುವೆ ಮನೆಯ ಊಟದ ಪಂಕ್ತಿಗಳನ್ನು ನೆನೆಯಿರಿ. ಮೊದಲ ಪಂಕ್ತಿಯವರಿಗೆ ಎಲ್ಲವೂ ಸಿಗುತ್ತದೆ. ಅಡುಗೆ ಕಡಿಮೆ ಬಿದ್ದರೆ ಅದು ಗೊತ್ತಾಗುವುದು ಕೊನೆಯ ಪಂಕ್ತಿಯವರಿಗೆ. ಕಂಪನಿ ಮುಳುಗಿ ಅದರ ಆಸ್ತಿ ಮಾರಿದಾಗಲೂ ಹೀಗೆಯೇ. ಅಡಮಾನ ಇಟ್ಟುಕೊಂಡು ಸಾಲ ಕೊಟ್ಟವರು ಮುಂದೆ, ಅಡಮಾನವಿಲ್ಲದ ಸಾಲ ಕೊಟ್ಟವರು ಅವರ ನಂತರ, ಸಬಾರ್ಡಿನೇಟೆಡ್ ಎಂಬ ಹಣೆಪಟ್ಟಿ ಹೊತ್ತ ಬಾಂಡುಗಳು ಅವರಿಗೂ ಹಿಂದೆ, ಅವುಗಳ ಹಿಂದೆ ಆದ್ಯತಾ ಷೇರು, ಕಟ್ಟಕಡೆಗೆ ಸಾಮಾನ್ಯ ಷೇರು. ಹೈಬ್ರಿಡ್‌ಗಳು ಕೂರುವುದು ಸಾಮಾನ್ಯವಾಗಿ ಈ ಹಿಂದಿನ ಪಂಕ್ತಿಗಳಲ್ಲಿ. ಈ ಕ್ರಮವೂ ಎಲ್ಲ ಸಲ ಉಳಿಯುವುದಿಲ್ಲ. ಆ ಕಥೆಗೆ ಆಮೇಲೆ ಬರುತ್ತೇನೆ.

ಆದ್ಯತಾ ಷೇರಿನಿಂದ ಶುರು ಮಾಡೋಣ, ಎಲ್ಲಕ್ಕಿಂತ ಹಳೆಯದು ಇದೇ. ಹೆಸರು ಷೇರು, ನಡತೆ ಬಹುಮಟ್ಟಿಗೆ ಸಾಲದ್ದು. ಲಾಭಾಂಶದ ದರ ಮೊದಲೇ ನಿಗದಿಯಾಗಿರುತ್ತದೆ. ಸಾಮಾನ್ಯ ಷೇರುದಾರರಿಗೆ ಕೊಡುವ ಮೊದಲು ಇವರಿಗೆ ಕೊಡಬೇಕು. ಆದರೆ ಕಂಪನಿಗೆ ಲಾಭವೇ ಇಲ್ಲದಿದ್ದರೆ ಕೊಡುವ ಬಾಧ್ಯತೆ ಇಲ್ಲ. ಕ್ಯುಮುಲೇಟಿವ್ ಎಂಬ ಪದಕ್ಕೆ ತೂಕ ಬರುವುದು ಇಲ್ಲಿ. ಅದು ಇದ್ದರೆ ಈ ವರ್ಷ ತಪ್ಪಿದ ಲಾಭಾಂಶ ಬಾಕಿಯಾಗಿ ಉಳಿಯುತ್ತದೆ, ಆ ಬಾಕಿ ತೀರುವವರೆಗೆ ಸಾಮಾನ್ಯ ಷೇರುದಾರರಿಗೆ ಏನನ್ನೂ ಹಂಚುವಂತಿಲ್ಲ. ನಾನ್-ಕ್ಯುಮುಲೇಟಿವ್ ಎಂದಿದ್ದರೆ ತಪ್ಪಿದ್ದು ತಪ್ಪಿತು, ಮುಂದೆ ಕಂಪನಿ ಎಷ್ಟೇ ಗಳಿಸಿದರೂ ಆ ವರ್ಷದ್ದು ನಿಮಗೆ ಬರುವುದಿಲ್ಲ. ಒಂದು ಉಪಸರ್ಗದ ವ್ಯತ್ಯಾಸ, ಅಷ್ಟೇ.

2013ರ ಕಂಪನಿ ಕಾಯ್ದೆ ಇಲ್ಲಿ ಹೂಡಿಕೆದಾರರ ಪರವಾಗಿ ಎರಡು ಒಳ್ಳೆಯ ಕೆಲಸ ಮಾಡಿದೆ. ಎಂದೂ ಹಣ ವಾಪಸ್ಸು ಮಾಡದ ಆದ್ಯತಾ ಷೇರನ್ನು ಕಂಪನಿಗಳು ಹೊರಡಿಸುವಂತಿಲ್ಲ. 20 ವರ್ಷದೊಳಗೆ ಅಸಲು ತೀರಿಸಬೇಕು, ಮೂಲಸೌಕರ್ಯ ಯೋಜನೆಗಳಿಗೆ ಮಾತ್ರ 30 ವರ್ಷದವರೆಗೆ ಅವಕಾಶ. ಇನ್ನೊಂದು, ಸಾಮಾನ್ಯ ಸ್ಥಿತಿಯಲ್ಲಿ ಆದ್ಯತಾ ಷೇರುದಾರರಿಗೆ ಎಲ್ಲ ವಿಷಯಗಳಲ್ಲಿ ಮತ ಹಾಕುವ ಹಕ್ಕಿಲ್ಲ; ಆದರೆ ಎರಡು ವರ್ಷ ಅಥವಾ ಅದಕ್ಕೂ ಹೆಚ್ಚು ಕಾಲ ಲಾಭಾಂಶ ಕೊಡದಿದ್ದರೆ ಆ ಹಕ್ಕು ಹುಟ್ಟಿಕೊಳ್ಳುತ್ತದೆ. ನೀವು ಕೇಳಿ ಕೊಳ್ಳದಿದ್ದರೂ ಆದ್ಯತಾ ಷೇರು ನಿಮ್ಮ ಡಿಮ್ಯಾಟ್ ಖಾತೆಗೆ ಬರಬಹುದು. 2014ರಲ್ಲಿ ಜೀ ಎಂಟರ್‌ಟೈನ್‌ಮೆಂಟ್ ತನ್ನ ಷೇರುದಾರರಿಗೆ ಒಂದು ಷೇರಿಗೆ 1 ರೂಪಾಯಿ ಮುಖಬೆಲೆಯ 21 ಆದ್ಯತಾ ಷೇರುಗಳನ್ನು ಬೋನಸ್ ಆಗಿ ಕೊಟ್ಟಿತು. ಲಾಭಾಂಶ ಶೇ 6. ಹಾಗೆ ಬಂದದ್ದನ್ನು ಬೋನಸ್ ಷೇರು ಎಂದುಕೊಂಡು ಬೆಲೆ ಏರಲೆಂದು ಕಾಯುತ್ತ ಕುಳಿತರೆ ಪ್ರಯೋಜನವಿಲ್ಲ. ಕಂತಿನಲ್ಲಿ ಮರುಪಾವತಿಯಾಗಿ ಮುಗಿದುಹೋಗುವ ಕಾಗದ ಅದು.

ಇನ್ನು ಪರಿವರ್ತನೀಯ ಡಿಬೆಂಚರ್. ಇಂದು ಸಾಲ, ಮುಂದೊಂದು ದಿನ ಷೇರು. ಒಂದು ಲೆಕ್ಕ ನೋಡೋಣ. 1,000 ರೂಪಾಯಿಯ ಡಿಬೆಂಚರ್. ಮೂರು ವರ್ಷದ ನಂತರ ನಾಲ್ಕು ಷೇರುಗಳಾಗಿ ಬದಲಾಗುತ್ತದೆ. ನಾಲ್ಕು ಎಂಬುದು ಪರಿವರ್ತನೆಯ ಅನುಪಾತ. 1,000ವನ್ನು ನಾಲ್ಕರಿಂದ ಭಾಗಿಸಿದರೆ ಬರುವ 250 ರೂಪಾಯಿ ಪರಿವರ್ತನೆಯ ಬೆಲೆ. ಮೂರು ವರ್ಷದ ನಂತರ ಷೇರು 320 ರೂಪಾಯಿಯಲ್ಲಿದ್ದರೆ ನಿಮ್ಮ ಕೈಯಲ್ಲಿ 1,280 ರೂಪಾಯಿ. ಷೇರು 180ಕ್ಕೆ ಇಳಿದಿದ್ದರೆ?

ಇದಕ್ಕೆ ಉತ್ತರ ಆ ಡಿಬೆಂಚರಿನ ಹೆಸರಿನ ಮೊದಲ ಪದದಲ್ಲಿದೆ. ಐಚ್ಛಿಕ ಪರಿವರ್ತನೀಯ, ಅಂದರೆ ಒಸಿಡಿ ಆಗಿದ್ದರೆ, ಷೇರು ಬೇಡ ನನ್ನ 1,000 ರೂಪಾಯಿ ಕೊಡಿ ಎನ್ನಬಹುದು. ಕಡ್ಡಾಯ ಪರಿವರ್ತನೀಯ, ಅಂದರೆ ಸಿಸಿಡಿ ಆಗಿದ್ದರೆ, ನಾಲ್ಕು ಷೇರು ತೆಗೆದುಕೊಳ್ಳಲೇಬೇಕು. ನಿಮ್ಮ 1,000 ರೂಪಾಯಿ 720 ಆಗಿದೆ. ಸಿಸಿಡಿಯಲ್ಲಿ ಅಸಲು ವಾಪಸ್ಸು ಎಂಬ ಮಾತೇ ಇಲ್ಲ. ಅದು ಷೇರು ಕೈಗೆ ಬರುವವರೆಗೆ ಬಡ್ಡಿ ಕೊಡುವ ಷೇರು ಎಂದು ತಿಳಿಯುವುದೇ ಸರಿ. ವಿದೇಶಿ ಹೂಡಿಕೆಯ ನಿಯಮಗಳು ಕೂಡ ಸಿಸಿಡಿಯನ್ನು ಈಕ್ವಿಟಿಯ, ಅಂದರೆ ಷೇರು ಬಂಡವಾಳದ, ಗುಂಪಿಗೇ ಸೇರಿಸುತ್ತವೆ. ಹಾಗಾಗಿ ಡಿಬೆಂಚರ್ ಎಂಬ ಪದ ಕಂಡ ಮಾತ್ರಕ್ಕೆ ಅಸಲು ಭದ್ರ ಎಂದು ಅಂದುಕೊಳ್ಳಬೇಡಿ. ಐಚ್ಛಿಕ ಎಂದಿದ್ದರೂ ಇಚ್ಛೆ ಯಾರದು ಎಂದು ಕೇಳಿ. ಕೆಲವು ಒಪ್ಪಂದಗಳಲ್ಲಿ ಆ ಆಯ್ಕೆ ಕಂಪನಿಯ ಕೈಯಲ್ಲಿರುತ್ತದೆ, ಆಗ ಬೆಲೆ ಬಿದ್ದಾಗ ಷೇರು, ಏರಿದಾಗ ನಗದು ಕೊಡುವ ಅವಕಾಶ ಅವರದಾಗುತ್ತದೆ.

ಹಕ್ಕು ನಿಮ್ಮ ಕೈಯಲ್ಲಿದ್ದರೂ ಅದನ್ನು ಪೂರೈಸುವ ಶಕ್ತಿ ಎದುರಿನವರಿಗೆ ಇರಬೇಕು. ಪವನ ವಿದ್ಯುತ್ ಯಂತ್ರ ತಯಾರಿಸುವ ಸುಜ್ಲಾನ್ ಕಂಪನಿ ವಿದೇಶಿ ಕರೆನ್ಸಿಯ ಪರಿವರ್ತನೀಯ ಬಾಂಡ್ ಹೊರಡಿಸಿತ್ತು. ಷೇರಿನ ಬೆಲೆ ಪರಿವರ್ತನೆಯ ಬೆಲೆಗಿಂತ ಎಷ್ಟೋ ಕೆಳಗೆ ಹೋಗಿದ್ದರಿಂದ ಯಾರೂ ಷೇರು ಕೇಳಲಿಲ್ಲ, ಹಣ ಕೇಳಿದರು. 2012ರ ಅಕ್ಟೋಬರ್‌ನಲ್ಲಿ ಸುಮಾರು 20.9 ಕೋಟಿ ಡಾಲರ್ ಕೊಡಲಾಗದೆ ಕಂಪನಿ ಮಾತಿಗೆ ತಪ್ಪಿತು. ಷೇರು ಏರಿದರೆ ಷೇರು, ಇಳಿದರೆ ಹಣ, ಎರಡೂ ಕಡೆ ಲಾಭ ಎಂದು ಮಾರುವವರು ಹೇಳುತ್ತಾರಲ್ಲ, ಷೇರು ಬಿದ್ದಿರುವುದು ಕಂಪನಿಯ ಆರೋಗ್ಯ ಕೆಟ್ಟದ್ದರಿಂದ ಆಗಿದ್ದರೆ ಎರಡು ದಾರಿಯೂ ಒಟ್ಟಿಗೆ ಮುಚ್ಚುತ್ತವೆ.

ಈಗ ನಾನು ಹೆಚ್ಚು ಹೊತ್ತು ನಿಲ್ಲಬೇಕೆಂದಿರುವ ಜಾಗ: ಬ್ಯಾಂಕುಗಳ ಎಟಿ-1 ಬಾಂಡ್. ಪೂರ್ಣ ಹೆಸರು ಅಡಿಷನಲ್ ಟಿಯರ್-1. ಜಗತ್ತಿನ ಬ್ಯಾಂಕುಗಳು 2008ರಲ್ಲಿ ಮುಗ್ಗರಿಸಿದ ನಂತರ, ನಷ್ಟ ಬಂದಾಗ ಸರ್ಕಾರಗಳು ತೆರಿಗೆಯ ಹಣ ಸುರಿಯುವ ಬದಲು ಬ್ಯಾಂಕಿಗೆ ಹಣ ಕೊಟ್ಟವರೇ ನಷ್ಟ ಹೊರಲಿ ಎಂಬ ಆಲೋಚನೆಯಿಂದ ಬಾಸೆಲ್-3 ಎಂಬ, ಬ್ಯಾಂಕುಗಳ ಬಂಡವಾಳದ ಬಗೆಗಿನ ಅಂತರರಾಷ್ಟ್ರೀಯ ನಿಯಮಗಳು ಬಂದವು. ಭಾರತದಲ್ಲಿ 2013ರ ಏಪ್ರಿಲ್ 1ರಿಂದ ಹಂತ ಹಂತವಾಗಿ ಜಾರಿಯಾದವು. ಎಟಿ-1 ಬಾಂಡು ಈ ನಿಯಮಗಳ ಅಡಿಯಲ್ಲಿ ರೂಪುಗೊಂಡದ್ದು. ನಷ್ಟ ಹೊರಲೆಂದೇ ಅದನ್ನು ಕಟ್ಟಿದ್ದಾರೆ, ಇದು ಗುಟ್ಟಿನ ಸಂಗತಿಯೇನಲ್ಲ.

ಅದರ ಷರತ್ತುಗಳನ್ನು ಒಂದೊಂದಾಗಿ ಹಕ್ಕಿನ ಕಣ್ಣಿನಿಂದ ನೋಡಿ. ಪರ್ಪೆಚುವಲ್: ಮುಕ್ತಾಯದ ದಿನಾಂಕ ಇಲ್ಲ, ಅಸಲು ಕೊಡಿ ಎಂದು ಕೇಳುವ ಹಕ್ಕು ನಿಮಗೆ ಎಂದಿಗೂ ಹುಟ್ಟುವುದಿಲ್ಲ. ಕಾಲ್ ಆಪ್ಷನ್: ಕನಿಷ್ಠ ಐದು ವರ್ಷದ ನಂತರ ಬ್ಯಾಂಕು ಬಯಸಿದರೆ, ರಿಸರ್ವ್ ಬ್ಯಾಂಕು ಒಪ್ಪಿದರೆ, ಅಸಲು ತೀರಿಸಿ ಬಾಂಡನ್ನು ಹಿಂದಕ್ಕೆ ಪಡೆಯಬಹುದು, ಪಡೆಯದೆಯೂ ಇರಬಹುದು. ಮಾರಾಟಗಾರರು ಈ ಐದು ವರ್ಷವನ್ನೇ ಅವಧಿ ಎಂಬಂತೆ ಹೇಳುತ್ತಾರೆ, ಅದು ಅವಧಿಯಲ್ಲ. ಬಡ್ಡಿ ವಿವೇಚನೆಗೆ ಬಿಟ್ಟದ್ದು: ಬ್ಯಾಂಕು ಒಂದು ವರ್ಷದ ಬಡ್ಡಿಯನ್ನು ರದ್ದು ಮಾಡಿದರೆ ಅದು ತಪ್ಪಿದ ಸಾಲ ಎನಿಸಿಕೊಳ್ಳುವುದಿಲ್ಲ, ಆ ಬಡ್ಡಿ ಮುಂದಕ್ಕೆ ಬಾಕಿಯಾಗಿಯೂ ಉಳಿಯುವುದಿಲ್ಲ. ಕೊನೆಯದು ರೈಟ್ ಡೌನ್: ಬ್ಯಾಂಕಿನ ಮೂಲ ಈಕ್ವಿಟಿ ಬಂಡವಾಳ, ಅಪಾಯಕ್ಕೆ ತಕ್ಕಂತೆ ತೂಗಿದ ಆಸ್ತಿಯ ಶೇ 6.125ಕ್ಕಿಂತ ಕೆಳಗಿಳಿದರೆ, ಅಥವಾ ಹೊರಗಿನ ನೆರವಿಲ್ಲದೆ ಬ್ಯಾಂಕು ಉಳಿಯದು ಎಂದು ರಿಸರ್ವ್ ಬ್ಯಾಂಕು ತೀರ್ಮಾನಿಸಿದರೆ, ಬಾಂಡಿನ ಅಸಲನ್ನು ಭಾಗಶಃ ಅಥವಾ ಪೂರ್ತಿ ಅಳಿಸಿಹಾಕಬಹುದು. ಅಸಲು, ಬಡ್ಡಿ, ಕಾಲ ಮೂರರಲ್ಲಿ ಒಂದರ ಮೇಲೂ ಹೂಡಿಕೆದಾರರ ಹಿಡಿತ ಉಳಿದಿಲ್ಲ. ಈ ಮೂರನ್ನೂ ಬಿಟ್ಟುಕೊಟ್ಟದ್ದಕ್ಕೆ ಸಿಕ್ಕ ಪ್ರತಿಫಲವೇ ಆ ಹೆಚ್ಚಿನ ಬಡ್ಡಿ.

ಯೆಸ್ ಬ್ಯಾಂಕಿನ ಕಥೆ ನಿಮ್ಮಲ್ಲಿ ಹಲವರಿಗೆ ನೆನಪಿರಬೇಕು. 2020ರ ಮಾರ್ಚ್ 5ರಂದು ಬ್ಯಾಂಕಿನ ಮೇಲೆ ನಿರ್ಬಂಧ ಬಂತು, ಖಾತೆಯಿಂದ 50,000 ರೂಪಾಯಿಗಿಂತ ಹೆಚ್ಚು ತೆಗೆಯುವಂತಿರಲಿಲ್ಲ. ಮಾರ್ಚ್ 13ರಂದು ಪುನರ್ರಚನೆಯ ಯೋಜನೆ ಪ್ರಕಟವಾಯಿತು. ಮರುದಿನ 8,415 ಕೋಟಿ ರೂಪಾಯಿಯ ಎಟಿ-1 ಬಾಂಡುಗಳನ್ನು ಪೂರ್ತಿಯಾಗಿ ಅಳಿಸಿಹಾಕಲಾಯಿತು. ಶೇ 9 ಮತ್ತು ಶೇ 9.5 ಬಡ್ಡಿಯ ಬಾಂಡುಗಳು ಅವು. ಠೇವಣಿದಾರರ ಹಣ ಪೂರ್ತಿ ಉಳಿಯಿತು. ನಾನು ಆಗಲೇ ಹೇಳಿದ ಪಂಕ್ತಿಯ ಕ್ರಮ ತಲೆಕೆಳಗಾದದ್ದು ಇಲ್ಲಿಯೇ: ಎಲ್ಲರಿಗಿಂತ ಹಿಂದೆ ಕೂರಬೇಕಾದ ಸಾಮಾನ್ಯ ಷೇರುದಾರರ ಷೇರುಗಳು ಮೌಲ್ಯ ಕಳೆದುಕೊಂಡರೂ ಅವರ ಕೈಯಲ್ಲೇ ಉಳಿದವು, 100ಕ್ಕಿಂತ ಹೆಚ್ಚು ಷೇರು ಇದ್ದವರ ಶೇ 75ರಷ್ಟನ್ನು ಮೂರು ವರ್ಷ ಮಾರುವಂತಿರಲಿಲ್ಲ, ಅಷ್ಟೇ. ಅವರಿಗಿಂತ ಮುಂದಿನ ಪಂಕ್ತಿಯ ಬಾಂಡುದಾರರಿಗೆ ಸೊನ್ನೆ. 2023ರ ಜನವರಿಯಲ್ಲಿ ಬಾಂಬೆ ಹೈಕೋರ್ಟ್, ಬಾಂಡು ಅಳಿಸಿದ ಆಡಳಿತಾಧಿಕಾರಿ ತನ್ನ ಅಧಿಕಾರದ ಮಿತಿ ಮೀರಿದ್ದಾರೆ ಎಂದು ಆ ಕ್ರಮವನ್ನು ರದ್ದುಪಡಿಸಿತು. ವಿಷಯ ಸುಪ್ರೀಂ ಕೋರ್ಟ್ ಮೆಟ್ಟಿಲೇರಿತು. ಅದೇ 2023ರ ಮಾರ್ಚ್‌ನಲ್ಲಿ ಸ್ವಿಟ್ಜರ್ಲೆಂಡಿನ ಕ್ರೆಡಿಟ್ ಸ್ವಿಸ್ ಬ್ಯಾಂಕನ್ನು ಯುಬಿಎಸ್ ಕೊಂಡಾಗ ಷೇರುದಾರರಿಗೆ 300 ಕೋಟಿ ಫ್ರಾಂಕ್ ಸಿಕ್ಕಿತು, ಸುಮಾರು 1,600 ಕೋಟಿ ಫ್ರಾಂಕ್ ಮೌಲ್ಯದ ಎಟಿ-1 ಬಾಂಡುಗಳು ಸೊನ್ನೆಯಾದವು. ಹಾಗಾಗಿ ಇದು ಭಾರತದಲ್ಲಿ ಮಾತ್ರ ನಡೆದ ಅಪವಾದ ಎಂದು ತಳ್ಳಿಹಾಕುವಂತಿಲ್ಲ.

ಯೆಸ್ ಬ್ಯಾಂಕಿನ ಪ್ರಕರಣದಲ್ಲಿ ನನಗೆ ಇಂದಿಗೂ ನೋವು ಕೊಡುವುದು ಆ ದೊಡ್ಡ ಮೊತ್ತವಲ್ಲ. ಷೇರುಪೇಟೆಯ ನಿಯಂತ್ರಕ ಸಂಸ್ಥೆಯಾದ ಸೆಬಿಯ 2021ರ ಏಪ್ರಿಲ್‌ನ ಆದೇಶದಲ್ಲಿ ಒಂದು ಲೆಕ್ಕ ಇದೆ. ಈ ಬಾಂಡುಗಳನ್ನು ಕೊಂಡಿದ್ದವರಲ್ಲಿ 1,346 ಮಂದಿ ಸಾಮಾನ್ಯ ವ್ಯಕ್ತಿಗಳು, ಅವರ ಹಣ ಸುಮಾರು 679 ಕೋಟಿ ರೂಪಾಯಿ. ಅವರಲ್ಲಿ 277 ಮಂದಿ ಅದೇ ಬ್ಯಾಂಕಿನ ಗ್ರಾಹಕರು, ತಮ್ಮ ಎಫ್‌ಡಿಯನ್ನು ಅವಧಿಗೆ ಮೊದಲೇ ಮುರಿದು ಸುಮಾರು 80 ಕೋಟಿಯನ್ನು ಈ ಬಾಂಡಿಗೆ ಹಾಕಿದವರು. ಅಪಾಯವನ್ನು ಸರಿಯಾಗಿ ತಿಳಿಸದೆ ಮಾರಿದ್ದಕ್ಕಾಗಿ ಸೆಬಿ ಬ್ಯಾಂಕಿಗೆ 25 ಕೋಟಿ ರೂಪಾಯಿ ದಂಡ ಹಾಕಿತು. ಬ್ಯಾಂಕು ಅದನ್ನು ಮೇಲ್ಮನವಿಯಲ್ಲಿ ಪ್ರಶ್ನಿಸಿತು. ಕಾನೂನಿನ ತೀರ್ಪು ಏನೇ ಬರಲಿ, ಆ 277 ಮನೆಗಳನ್ನು ಯೋಚಿಸಿ. ಪಂಕ್ತಿಯ ಮುಂದಿನ ಸಾಲಿನಲ್ಲಿ ಭದ್ರವಾಗಿ ಕೂತಿದ್ದವರು ಎದ್ದು ಬಂದು ಹಿಂದೆ ಕೂತರು. ಎಫ್‌ಡಿಗೆ ಈಗ 5 ಲಕ್ಷ ರೂಪಾಯಿವರೆಗೆ ವಿಮೆ ಇದೆ, ಬ್ಯಾಂಕಿನ ಬಾಂಡಿಗೆ ಒಂದು ರೂಪಾಯಿಯ ವಿಮೆಯೂ ಇಲ್ಲ. ಒಂದೇ ಬ್ಯಾಂಕು, ಒಂದೇ ಶಾಖೆ, ಒಂದೇ ಲಾಂಛನ ಇರುವ ಕಾಗದ. ಬ್ಯಾಂಕಿನ ಒಳಗೆ ಸಿಗುವುದೆಲ್ಲ ಠೇವಣಿ ಎಂದು ನಂಬಿದ ಹಿರಿಯರನ್ನು ನಾನು ದೂಷಿಸುವುದಿಲ್ಲ. ಆ ನಂಬಿಕೆಯನ್ನು ಬಳಸಿಕೊಂಡು ಇಂಥದ್ದನ್ನು ಮಾರುವುದು ನನ್ನ ದೃಷ್ಟಿಯಲ್ಲಿ ಅಕ್ಷಮ್ಯ.

ಬ್ಯಾಂಕುಗಳೇ ಹೊರಡಿಸುವ ಟಿಯರ್-2 ಬಾಂಡು ಎಟಿ-1ಕ್ಕಿಂತ ಒಂದು ಮೆಟ್ಟಿಲು ಭದ್ರ. ಅದಕ್ಕೆ ಮುಕ್ತಾಯದ ದಿನ ಇದೆ, ಬಡ್ಡಿಯನ್ನು ಮನಸ್ಸಿಗೆ ಬಂದಂತೆ ರದ್ದು ಮಾಡುವಂತಿಲ್ಲ. ಆದರೂ ಬ್ಯಾಂಕು ಉಳಿಯದು ಎಂಬ ತೀರ್ಮಾನ ಬಂದರೆ ಅದನ್ನೂ ಅಳಿಸಬಹುದು. 2020ರ ನವೆಂಬರ್‌ನಲ್ಲಿ ಲಕ್ಷ್ಮೀ ವಿಲಾಸ್ ಬ್ಯಾಂಕು ಡಿಬಿಎಸ್ ಬ್ಯಾಂಕಿನ ಜತೆ ವಿಲೀನವಾಗುವ ಮುನ್ನ 318.20 ಕೋಟಿ ರೂಪಾಯಿಯ ಟಿಯರ್-2 ಬಾಂಡುಗಳು ಹಾಗೆ ಹೋದವು. ಅಲ್ಲಿ ಷೇರುದಾರರಿಗೂ ಏನೂ ಉಳಿಯಲಿಲ್ಲ.

ಆದಾಯದ ಲೆಕ್ಕದಲ್ಲೂ ಎಡವುವ ಜಾಗ ಇದೆ. ಯೀಲ್ಡ್, ಅಂದರೆ ಹಾಕಿದ ಹಣಕ್ಕೆ ವರ್ಷಕ್ಕೆ ಸಿಗುವ ಗಳಿಕೆಯ ದರ, ಎಂದು ಒಂದೇ ಸಂಖ್ಯೆ ಹೇಳಿದರೆ, ಯಾವ ಯೀಲ್ಡ್ ಎಂದು ಕೇಳಿ. 100 ರೂಪಾಯಿ ಮುಖಬೆಲೆಯ, ಶೇ 8 ಬಡ್ಡಿಯ ಬಾಂಡನ್ನು ಮಾರುಕಟ್ಟೆಯಲ್ಲಿ 104ಕ್ಕೆ ಕೊಳ್ಳುತ್ತೀರಿ ಎನ್ನಿ. 104ಕ್ಕೆ ವರ್ಷಕ್ಕೆ 8 ರೂಪಾಯಿ, ಅಂದರೆ ಶೇ 7.7, ಇದು ಕರೆಂಟ್ ಯೀಲ್ಡ್. ಎರಡು ವರ್ಷಕ್ಕೆ ಬ್ಯಾಂಕು ಕಾಲ್ ಮಾಡಿ 100 ಮಾತ್ರ ವಾಪಸ್ಸು ಕೊಟ್ಟರೆ ನೀವು ಹೆಚ್ಚುವರಿಯಾಗಿ ಕೊಟ್ಟ 4 ರೂಪಾಯಿ ಹೋಯಿತು, ನಿಜವಾದ ಗಳಿಕೆ ವರ್ಷಕ್ಕೆ ಸುಮಾರು ಶೇ 5.8, ಇದು ಯೀಲ್ಡ್ ಟು ಕಾಲ್. ಕಾಲ್ ಮಾಡದಿದ್ದರೆ ಇನ್ನೊಂದು ಬಗೆಯ ತೊಂದರೆ. ಇಂಥ ಬಾಂಡಿಗೆ ಮಾರುಕಟ್ಟೆ ಶೇ 10 ಕೇಳತೊಡಗಿದರೆ, ಎರಡು ವರ್ಷದಲ್ಲಿ ಮುಗಿಯುವ ಶೇ 8ರ ಬಾಂಡಿನ ಬೆಲೆ ಸುಮಾರು 96.50ಕ್ಕೆ ಇಳಿಯುತ್ತದೆ, ಎಂದೂ ಮುಗಿಯದ ಬಾಂಡಿನ ಬೆಲೆ 80ಕ್ಕೆ. ಬ್ಯಾಂಕು ಯಾವಾಗ ಕಾಲ್ ಮಾಡೀತು ಎಂದು ಯೋಚಿಸಿದರೆ ಉತ್ತರ ಸುಲಭ: ಕಡಿಮೆ ಬಡ್ಡಿಗೆ ಬೇರೆ ಹಣ ಸಿಗುವಾಗ. ಅಂದರೆ ನಿಮಗೆ ಆ ಹಣವನ್ನು ಮತ್ತೆ ಅಷ್ಟೇ ಬಡ್ಡಿಗೆ ಹೂಡಲು ಜಾಗ ಇಲ್ಲದಾಗ.

ನಡುವೆ ಒಬ್ಬರು ಕೇಳಿದರು, ತಮ್ಮ ಬಳಿ ಹೈಬ್ರಿಡ್ ಫಂಡ್ ಇದೆ, ಅದರಲ್ಲೂ ಇದೇ ಅಪಾಯವೇ ಎಂದು. ಒಳ್ಳೆಯ ಪ್ರಶ್ನೆ. ಹೈಬ್ರಿಡ್ ಮ್ಯೂಚುವಲ್ ಫಂಡ್ ಬೇರೆ ವಿಷಯ. ಅದು ಷೇರುಗಳನ್ನೂ ಬಾಂಡುಗಳನ್ನೂ ಬೇರೆ ಬೇರೆಯಾಗಿ ಕೊಂಡು ಒಂದೇ ಬುಟ್ಟಿಯಲ್ಲಿ ಇಡುತ್ತದೆ. ಸೆಬಿ 2017ರಲ್ಲಿ ಮಾಡಿದ ವರ್ಗೀಕರಣದಂತೆ ಅಗ್ರೆಸಿವ್ ಹೈಬ್ರಿಡ್ ಫಂಡಿನಲ್ಲಿ ಶೇ 65ರಿಂದ 80ರಷ್ಟು ಷೇರು, ಕನ್ಸರ್ವೇಟಿವ್‌ನಲ್ಲಿ ಶೇ 10ರಿಂದ 25ರಷ್ಟು. ಅಲ್ಲಿ ಕೇಳಬೇಕಾದ್ದು ಪ್ರಮಾಣದ ಪ್ರಶ್ನೆ, ಇಲ್ಲಿ ಷರತ್ತಿನ ಪ್ರಶ್ನೆ.

ನಮ್ಮ ಬೆಂಗಳೂರಿಗೆ ನೇರ ಸಂಬಂಧವಿರುವ ಇನ್ನೊಂದನ್ನು ಹೇಳಬೇಕು. ದೇಶದ ಮೊದಲ ರೀಟ್, ಎಂಬೆಸಿ ಆಫೀಸ್ ಪಾರ್ಕ್ಸ್, 2019ರ ಏಪ್ರಿಲ್‌ನಲ್ಲಿ ಷೇರುಪೇಟೆಗೆ ಬಂತು. ಹೆಬ್ಬಾಳ ದಾಟಿ ನಾಗವಾರದ ಕಡೆ ಹೋಗುವಾಗ ಕಾಣುವ ಮಾನ್ಯತಾ ಟೆಕ್ ಪಾರ್ಕ್ ಅದರ ಆಸ್ತಿಗಳಲ್ಲೊಂದು. ಬಾಡಿಗೆ ಬರುವ ಕಟ್ಟಡಗಳನ್ನು ಒಂದು ಟ್ರಸ್ಟಿನಡಿ ತಂದು ಅದರ ಯುನಿಟ್‌ಗಳನ್ನು ಮಾರುವುದು ರೀಟ್. ರಸ್ತೆ, ವಿದ್ಯುತ್ ಮಾರ್ಗದಂಥವುಗಳಿಗೆ ಹಾಗೆ ಮಾಡಿದರೆ ಇನ್ವಿಟ್. ಹಂಚಬಹುದಾದ ನಗದಿನ ಶೇ 90ನ್ನಾದರೂ ಯುನಿಟ್‌ದಾರರಿಗೆ ಹಂಚಲೇಬೇಕು ಎಂಬುದು ನಿಯಮ. ಬೆಲೆ ಷೇರಿನಂತೆ ಏರಿಳಿಯುತ್ತದೆ, ಹಂಚಿಕೆ ಬಾಡಿಗೆಯಂತೆ ಬರುತ್ತದೆ, ಅದಕ್ಕೇ ಇವನ್ನೂ ಹೈಬ್ರಿಡ್ ಎನ್ನುತ್ತ ಬಂದಿದ್ದಾರೆ. 2025ರಲ್ಲಿ ಸೆಬಿ, ಮ್ಯೂಚುವಲ್ ಫಂಡುಗಳ ಲೆಕ್ಕಕ್ಕೆ ರೀಟ್‌ಗಳನ್ನು ಈಕ್ವಿಟಿಯ ಗುಂಪಿಗೆ ಸೇರಿಸಿ ಇನ್ವಿಟ್‌ಗಳನ್ನು ಹೈಬ್ರಿಡ್ ಆಗಿಯೇ ಉಳಿಸುವ ತೀರ್ಮಾನ ಮಾಡಿತು.

ಇಲ್ಲಿ ನೋಡಬೇಕಾದ ಪದ ಹಂಚಿಕೆ. ರೀಟ್ ಕೊಡುವ ಹಣದಲ್ಲಿ ಬಡ್ಡಿ, ಲಾಭಾಂಶ, ಮತ್ತು ಟ್ರಸ್ಟು ತನ್ನ ಕಂಪನಿಗಳಿಗೆ ಕೊಟ್ಟಿದ್ದ ಸಾಲದ ಮರುಪಾವತಿ, ಮೂರೂ ಬೆರೆತಿರಬಹುದು. ಉದಾಹರಣೆಗೆ 350 ರೂಪಾಯಿಯ ಯುನಿಟ್ ವರ್ಷಕ್ಕೆ 22 ರೂಪಾಯಿ ಹಂಚಿತು ಎಂದರೆ ಶೇ 6.3 ಎಂದು ಕಾಣುತ್ತದೆ. ಅದರಲ್ಲಿ 8 ರೂಪಾಯಿ ಸಾಲದ ಮರುಪಾವತಿಯಾಗಿದ್ದರೆ, ಅದು ಗಳಿಕೆಯಲ್ಲ, ಬಂಡವಾಳದ ಒಂದು ಚೂರು ನಿಮಗೇ ಹಿಂದಿರುಗಿದ್ದು. ಉಳಿದ 14 ರೂಪಾಯಿ ಶೇ 4 ಮಾತ್ರ. ರಸ್ತೆಗಳ ಇನ್ವಿಟ್‌ನಲ್ಲಿ ಇದು ಇನ್ನೂ ಮುಖ್ಯ. ಟೋಲ್ ಸಂಗ್ರಹಿಸುವ ಗುತ್ತಿಗೆಗೆ ಕೊನೆಯ ದಿನ ಇರುತ್ತದೆ, ಆ ದಿನ ರಸ್ತೆ ಸರ್ಕಾರಕ್ಕೆ ಮರಳುತ್ತದೆ. ಹೊಸ ರಸ್ತೆಗಳು ಸೇರದಿದ್ದರೆ ಯುನಿಟ್‌ನ ಮೌಲ್ಯ ವರ್ಷದಿಂದ ವರ್ಷಕ್ಕೆ ಕರಗುವುದು ಸಹಜ. ಶೇ 11 ಹಂಚಿಕೆ ಎಂದು ಕಂಡಾಗ ಗುತ್ತಿಗೆ ಇನ್ನೆಷ್ಟು ವರ್ಷ ಉಳಿದಿದೆ ಎಂದು ಮೊದಲು ನೋಡಿ. ಹಂಚಿಕೆಯ ವಿಂಗಡಣೆಯನ್ನು ಪ್ರತಿ ಸಲವೂ ಷೇರುಪೇಟೆಗೆ ಕೊಡುವ ಪ್ರಕಟಣೆಯಲ್ಲಿ ಬರೆದಿರುತ್ತಾರೆ.

ಇವೆಲ್ಲ ಕೆಟ್ಟವು, ಹತ್ತಿರ ಹೋಗಬೇಡಿ ಎಂದು ನಾನು ಹೇಳುತ್ತಿಲ್ಲ. ಒಳ್ಳೆಯ ಕಂಪನಿಯ ಕ್ಯುಮುಲೇಟಿವ್ ಆದ್ಯತಾ ಷೇರು, ಚೆನ್ನಾಗಿ ಬಾಡಿಗೆ ಬರುವ ರೀಟ್, ಇವಕ್ಕೆ ಸಾಮಾನ್ಯ ಹೂಡಿಕೆದಾರರ ಬಳಿ ಜಾಗ ಇದೆ. ಎಟಿ-1ರ ಬಗ್ಗೆ ಮಾತ್ರ ನನ್ನ ನಿಲುವು ಖಚಿತ: ಆ ಬ್ಯಾಂಕಿನ ಬಂಡವಾಳದ ಅನುಪಾತವನ್ನು ಮೂರು ತಿಂಗಳಿಗೊಮ್ಮೆ ಓದಲು ನಿಮಗೆ ಆಗದಿದ್ದರೆ ಅದು ನಿಮ್ಮದಲ್ಲ. ಸೆಬಿಯೂ ಬಹುಮಟ್ಟಿಗೆ ಇದೇ ಮಾತು ಹೇಳಿದೆ. 2020ರ ಅಕ್ಟೋಬರ್‌ನಲ್ಲಿ ತಂದ ನಿಯಮದ ಪ್ರಕಾರ ಹೊಸ ಎಟಿ-1 ಬಾಂಡುಗಳನ್ನು ಸಾಂಸ್ಥಿಕ ಹೂಡಿಕೆದಾರರಿಗೆ ಮಾತ್ರ ಮಾರಬಹುದು, ಕನಿಷ್ಠ ಮೊತ್ತ 1 ಕೋಟಿ ರೂಪಾಯಿ.

ಹಾಗಾದರೆ ನಮಗೂ ಇದಕ್ಕೂ ಸಂಬಂಧವಿಲ್ಲ ಎಂದುಕೊಳ್ಳುವವರು ತಮ್ಮ ಸಾಲಪತ್ರಗಳ ಮ್ಯೂಚುವಲ್ ಫಂಡನ್ನು ಒಮ್ಮೆ ತೆರೆದು ನೋಡಬೇಕು. ಫಂಡುಗಳು ಈ ಬಾಂಡುಗಳನ್ನು ಕೊಳ್ಳಬಹುದು. 2021ರ ಮಾರ್ಚ್‌ನಲ್ಲಿ ಸೆಬಿ ಅದಕ್ಕೆ ಮಿತಿ ಹಾಕಿತು, ಯೋಜನೆಯ ಸಾಲಪತ್ರಗಳ ಭಾಗದಲ್ಲಿ ಶೇ 10, ಒಂದೇ ಬ್ಯಾಂಕಿನದಾದರೆ ಶೇ 5. ಪ್ರತಿ ತಿಂಗಳು ಮುಗಿದು ಹತ್ತು ದಿನದೊಳಗೆ ಫಂಡ್ ಸಂಸ್ಥೆಗಳು ತಮ್ಮ ಹೂಡಿಕೆಗಳ ಪಟ್ಟಿಯನ್ನು ಜಾಲತಾಣದಲ್ಲಿ ಹಾಕುತ್ತವೆ. ಅದರಲ್ಲಿ ಬ್ಯಾಂಕಿನ ಹೆಸರಿನ ಮುಂದೆ ಪರ್ಪೆಚುವಲ್, ಎಟಿ-1, ಟಿಯರ್-2 ಎಂಬ ಪದಗಳಿವೆಯೇ ನೋಡಿ, ಶೇಕಡಾವಾರು ಅಂಕಣವನ್ನು ಕೂಡಿಸಿ. ಯಾರಾದರೂ ನಿಮಗೆ ನೇರವಾಗಿ ಹಳೆಯ ಬಾಂಡು ಮಾರಲು ಬಂದರೆ ಮಾಹಿತಿ ದಾಖಲೆ ಕೇಳಿ ಪಡೆಯಿರಿ. ಷರತ್ತುಗಳ ಕೋಷ್ಟಕದಲ್ಲಿ ಹಿರಿತನ (ಪಂಕ್ತಿಯಲ್ಲಿ ನಿಮ್ಮ ಜಾಗ), ಅವಧಿ, ಕಾಲ್ ಆಪ್ಷನ್, ಬಡ್ಡಿಯ ವಿವೇಚನೆ, ನಷ್ಟ ಹೊರುವ ಷರತ್ತು ಎಂಬ ಸಾಲುಗಳಿರುತ್ತವೆ. ಎಫ್‌ಡಿಯಂತೆಯೇ ಎಂದು ಅವರು ಬಾಯಲ್ಲಿ ಹೇಳಿದ್ದನ್ನು ಇಮೇಲ್‌ನಲ್ಲಿ ಬರೆದು ಕಳುಹಿಸಲು ಹೇಳಿ. ಮೋಸವಾದರೆ ಸೆಬಿಯ ಸ್ಕೋರ್ಸ್ ಜಾಲತಾಣದಲ್ಲಿ ದೂರು ಕೊಡುವಾಗ ಆ ಇಮೇಲ್ ಬೇಕಾಗುತ್ತದೆ.